ಡಬ್ಲ್ಯು ಬೋಸಾನ್ ತೂಕ: ಲ್ಯಾಬ್ ಗೋಡೆಯ ಕಟಿಂಗ್ ತೆಗೀಬೇಕಾ, ಬಿಡಬೇಕಾ?

ತಿಪಟೂರು ಟೀಚರ್ · ಶನಿವಾರ, ಸಂಜೆ 6:10

ಎಲ್ಲರಿಗೂ ನಮಸ್ಕಾರ. ನಾನು ತಿಪಟೂರು ಹತ್ತಿರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಒಂದು ಪ್ರಶ್ನೆಗೆ ನನಗೆ ಉತ್ತರ ಹೊಳೆಯುತ್ತಿಲ್ಲ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

2022ರ ಏಪ್ರಿಲ್‌ನಲ್ಲಿ ಒಂದು ಸುದ್ದಿ ಬಂದಿತ್ತು. ಅಮೆರಿಕದ ಶಿಕಾಗೊ ಪಕ್ಕದ ಫರ್ಮಿಲ್ಯಾಬ್‌ನಲ್ಲಿ ಟೆವಟ್ರಾನ್ ಅನ್ನೋ ಕೊಲೈಡರ್ (ಕಣಗಳನ್ನು ಡಿಕ್ಕಿ ಹೊಡೆಸುವ ಯಂತ್ರ) ಇತ್ತು. 2011ರಲ್ಲೇ ಅದನ್ನು ನಿಲ್ಲಿಸಿದ್ದರು. ಆದರೆ ಅದರ ಹಳೇ ಡೇಟಾ ಇಟ್ಟುಕೊಂಡು ಸಿಡಿಎಫ್ ಅನ್ನೋ ತಂಡ ಹತ್ತು ವರ್ಷ ಕೂತು ಡಬ್ಲ್ಯು ಬೋಸಾನ್ ಅನ್ನೋ ಮೂಲಕಣದ ತೂಕ ಲೆಕ್ಕ ಹಾಕಿತ್ತು. (ದ್ರವ್ಯರಾಶಿ ಅನ್ನಬೇಕು, ಗೊತ್ತು. ಮಕ್ಕಳ ಜೊತೆ ಮಾತಾಡುವಾಗ ತೂಕ ಅಂತಲೇ ಬಾಯಿಗೆ ಬರುತ್ತದೆ, ಇಲ್ಲೂ ಹಾಗೇ ಬರೆಯುತ್ತೇನೆ.) ಅವರಿಗೆ ಸಿಕ್ಕಿದ್ದು 80,433.5 ಎಂಇವಿ (ಕಣಗಳ ತೂಕ ಹೇಳುವ ಅಳತೆ), ಆಚೀಚೆ 9.4. ಸ್ಟ್ಯಾಂಡರ್ಡ್ ಮಾಡೆಲ್ (ಮೂಲಕಣಗಳ ಬಗ್ಗೆ ಈಗಿರುವ ಸಿದ್ಧಾಂತ) ಪ್ರಕಾರ ಬರಬೇಕಾದದ್ದು 80,357, ಆಚೀಚೆ 6. ವ್ಯತ್ಯಾಸ ಏಳು ಸಿಗ್ಮಾ, ಅಂದರೆ ಒಟ್ಟು ಅನಿಶ್ಚಿತತೆಯ ಸುಮಾರು ಏಳರಷ್ಟು ಅಂತ ಬರೆದಿದ್ದರು. ಹೊಸ ಕಣ ಸಿಕ್ಕಿತು ಅಂತ ಹೇಳೋಕೆ ಐದು ಸಿಗ್ಮಾ ಸಾಕು ಅಂತಾರಲ್ಲ, ಇದು ಏಳು! ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಪೇಪರ್ ಕಟಿಂಗ್ ತಗೊಂಡು ಹೋಗಿ ಲ್ಯಾಬ್ ಗೋಡೆಗೆ ಅಂಟಿಸಿದೆ. "ನೀವು ದೊಡ್ಡವರಾಗೋ ಹೊತ್ತಿಗೆ ಪುಸ್ತಕವೇ ಬದಲಾಗಿರುತ್ತದೆ ನೋಡಿ" ಅಂತ ಮಕ್ಕಳಿಗೆ ಹೇಳುತ್ತಾ ಬಂದೆ.

ಕಳೆದ ವಾರ ಹತ್ತನೇ ಕ್ಲಾಸಿನ ಒಬ್ಬ ಹುಡುಗ ಬಂದು, "ಮೇಡಂ, ಇದು ಸುಳ್ಳಂತೆ. ಜಿನೀವಾದಲ್ಲಿ ಮತ್ತೆ ಅಳೆದರಂತೆ, ಪುಸ್ತಕದಲ್ಲಿರೋದೇ ಸರಿಯಂತೆ. ಅಕ್ಕ ಹೇಳಿದಳು" ಅಂದ. ಹುಡುಕಿ ನೋಡಿದರೆ ಅವನು ಹೇಳಿದ್ದು ಹೌದು. 2024ರ ಸೆಪ್ಟೆಂಬರ್‌ನಲ್ಲಿ ಜಿನೀವಾದ ಎಲ್‌ಎಚ್‌ಸಿ ಕೊಲೈಡರ್‌ನ ಸಿಎಂಎಸ್ ತಂಡ 80,360.2 ಅಂದಿದೆ, ಆಚೀಚೆ 9.9. ಸಿಡಿಎಫ್‌ನಷ್ಟೇ ನಿಖರ. ಉತ್ತರ ಮಾತ್ರ ಬೇರೆ.

ಈಗ ಆ ಕಟಿಂಗ್ ತೆಗೆಯಲಾ? ತೆಗೆದರೆ ಮಕ್ಕಳಿಗೆ ಏನಂತ ಹೇಳಲಿ? ಅವರಿಗೆ ಸುಳ್ಳು ಹೇಳಿಬಿಟ್ಟೆನಾ ಅಂತ ಮನಸ್ಸಿಗೆ ಕಸಿವಿಸಿ.

ದಿಗಂತ · ಶನಿವಾರ, ಸಂಜೆ 7:02

ತೆಗೆದುಬಿಡಿ ಮೇಡಂ. ಬೇಜಾರಿನಿಂದಲೇ ಹೇಳುತ್ತಿದ್ದೇನೆ. ನಾನೂ ನಿಮ್ಮ ಹಾಗೇ ಕಾದವನು.

2015ರ ಡಿಸೆಂಬರ್‌ನಲ್ಲಿ ನಾನಿನ್ನೂ ಹೈಸ್ಕೂಲಿನಲ್ಲಿದ್ದೆ. ಎಲ್‌ಎಚ್‌ಸಿಯಲ್ಲಿ ಅಟ್ಲಾಸ್, ಸಿಎಂಎಸ್ ಎರಡೂ ತಂಡಕ್ಕೆ 750 ಜಿಇವಿ (ಒಂದು ಜಿಇವಿ ಅಂದರೆ ಸಾವಿರ ಎಂಇವಿ) ಹತ್ತಿರ ಗ್ರಾಫ್‌ನಲ್ಲಿ ಒಂದು ಉಬ್ಬು ಕಂಡಿತ್ತು. ಎರಡೆರಡು ಫೋಟಾನ್ ಆಗಿ ಒಡೆಯುವ ಹೊಸ ಕಣ ಇರಬಹುದು ಅಂದರು. ಕೆಲವೇ ತಿಂಗಳಲ್ಲಿ ಸುಮಾರು 500 ಪ್ರಬಂಧ ಬಂದವು. 2016ರ ಆಗಸ್ಟ್‌ನಲ್ಲಿ ಜಾಸ್ತಿ ಡೇಟಾ ಬಂತು, ಉಬ್ಬು ಇರಲೇ ಇಲ್ಲ. ಆಮೇಲೆ 2021ರ ಮಾರ್ಚ್. ಬ್ಯೂಟಿ ಕ್ವಾರ್ಕ್ ಇರುವ ಕಣ ಒಡೆದಾಗ ಎಲೆಕ್ಟ್ರಾನ್ ಜೋಡಿ ಎಷ್ಟು ಬರುತ್ತದೋ ಮ್ಯುವಾನ್ (ಎಲೆಕ್ಟ್ರಾನ್ ತರಹದ್ದೇ, ಆದರೆ ಭಾರದ ಕಣ) ಜೋಡಿಯೂ ಅಷ್ಟೇ ಬರಬೇಕು. ಎಲ್‌ಎಚ್‌ಸಿಬಿ ಅನ್ನೋ ಎಲ್‌ಎಚ್‌ಸಿಯ ಇನ್ನೊಂದು ತಂಡದ ಲೆಕ್ಕದಲ್ಲಿ ಮ್ಯುವಾನ್ 15 ಶೇಕಡಾ ಕಡಿಮೆ ಇತ್ತು. 2022ರ ಡಿಸೆಂಬರ್‌ಗೆ ಅದೂ ಹೋಯಿತು. ಬೇರೆ ಕಣಗಳನ್ನು ಎಲೆಕ್ಟ್ರಾನ್ ಅಂದುಕೊಂಡು ಎಣಿಸಿಬಿಟ್ಟಿದ್ದರಂತೆ.

ಪ್ರತಿ ಸಲವೂ ಸ್ಟ್ಯಾಂಡರ್ಡ್ ಮಾಡೆಲ್ ಗೆಲ್ಲುತ್ತದೆ. ಡಬ್ಲ್ಯು ಕಥೆಯೂ ಅದೇ ಅನಿಸುತ್ತದೆ.

ಕಣಜ · ಶನಿವಾರ, ರಾತ್ರಿ 11:48

ಟೀಚರ್, ನಾನು ಜರ್ಮನಿಯಲ್ಲಿ ಕೊಲೈಡರ್ ಡೇಟಾ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ಊರು ಸಾಗರ. ಡಬ್ಲ್ಯು ತೂಕ ನನ್ನ ವಿಷಯ ಅಲ್ಲ, ಆದರೆ ಪಕ್ಕದ ಟೇಬಲ್ಲಿನವರದ್ದು ಅದೇ. ದಿನಾ ಕಿವಿಗೆ ಬೀಳುತ್ತದೆ.

ದಯವಿಟ್ಟು ಕಟಿಂಗ್ ತೆಗೆಯಬೇಡಿ. ದಿಗಂತ್, ನೀವು ಹೇಳಿದ ಎರಡು ಕಥೆಗೂ ಇದಕ್ಕೂ ದೊಡ್ಡ ವ್ಯತ್ಯಾಸ ಇದೆ. 750ರ ಉಬ್ಬು ಅಂಕಿಗಳ ಏರುಪೇರು, ಡೇಟಾ ಜಾಸ್ತಿಯಾದಾಗ ಕರಗಿತು. ಎಲ್‌ಎಚ್‌ಸಿಬಿಯವರ ತಪ್ಪನ್ನು ಅವರೇ ಹುಡುಕಿ, ಇಂಥ ಕಡೆ ಇಂಥ ತಪ್ಪು ಅಂತ ಬರೆದರು. ಸಿಡಿಎಫ್ ವಿಷಯದಲ್ಲಿ ಇವತ್ತಿನವರೆಗೆ ಯಾರೂ "ತಪ್ಪು ಇಲ್ಲಿದೆ" ಅಂತ ಬೆರಳಿಟ್ಟು ತೋರಿಸಿಲ್ಲ.

ಮೊದಲು ಈ ತೂಕ ಅಳೆಯೋದು ಎಷ್ಟು ಕಷ್ಟ ಅಂತ ಹೇಳುತ್ತೇನೆ, ಮಕ್ಕಳಿಗೂ ಹೇಳಬಹುದು. ಡಬ್ಲ್ಯು ಹುಟ್ಟಿದ ಕ್ಷಣವೇ ಒಡೆದುಹೋಗುತ್ತದೆ. ಒಂದು ಮ್ಯುವಾನ್ ಅಥವಾ ಎಲೆಕ್ಟ್ರಾನ್, ಜೊತೆಗೊಂದು ನ್ಯೂಟ್ರಿನೊ ಬರುತ್ತದೆ. ನ್ಯೂಟ್ರಿನೊ ಯಾವ ಉಪಕರಣಕ್ಕೂ ಸಿಗದೆ ಹೊರಟುಹೋಗುತ್ತದೆ. ನಿಮ್ಮ ಊರಿನ ಲೆಕ್ಕದಲ್ಲಿ ಹೇಳಿದರೆ, ತೆಂಗಿನಕಾಯಿ ಒಡೆದಾಗ ಒಂದು ಹೋಳು ಮಾತ್ರ ಕೈಗೆ ಸಿಕ್ಕಿದೆ, ಇನ್ನೊಂದು ಮಾಯ. ಸಿಕ್ಕಿದ ಹೋಳು ಎಷ್ಟು ರಭಸದಲ್ಲಿ ಹಾರಿತು ಅನ್ನೋದರಿಂದ ಇಡೀ ಕಾಯಿಯ ತೂಕ ಹೇಳಬೇಕು.

ಒಂದು ಕಾಯಿಯಿಂದ ಆಗಲ್ಲ. ಸಿಡಿಎಫ್ ಹತ್ತಿರ ಅಂಥ 40 ಲಕ್ಷಕ್ಕೂ ಜಾಸ್ತಿ ಇದ್ದವು. ಅಷ್ಟನ್ನೂ ಒಟ್ಟಿಗೆ ಗ್ರಾಫ್ ಹಾಕಿದರೆ, ಹೋಳಿನ ರಭಸ ಡಬ್ಲ್ಯು ತೂಕದ ಅರ್ಧದವರೆಗೆ, ಅಂದರೆ 40 ಜಿಇವಿ ಹತ್ತಿರದವರೆಗೆ ಏರುತ್ತಾ ಹೋಗಿ ಅಲ್ಲಿಂದ ಥಟ್ಟನೆ ಇಳಿಯುತ್ತದೆ. ಆ ಇಳಿಜಾರು ಸರಿಯಾಗಿ ಎಲ್ಲಿದೆ ಅನ್ನೋದರಲ್ಲೇ ತೂಕ ಇದೆ. ಕಂಪ್ಯೂಟರ್‌ನಲ್ಲಿ ಬೇರೆ ಬೇರೆ ತೂಕ ಕೊಟ್ಟು ಇಂಥ ಗ್ರಾಫ್‌ಗಳನ್ನು ಮಾಡಿ, ಯಾವುದು ನಿಜದ ಗ್ರಾಫ್ ಮೇಲೆ ಸರಿಯಾಗಿ ಕೂರುತ್ತದೆ ಅಂತ ನೋಡುತ್ತಾರೆ. ಇಳಿಜಾರು ಒಂದು ಕೂದಲೆಳೆ ಸರಿದರೂ ಉತ್ತರ ಬದಲಾಗುತ್ತದೆ.

ಕೊಪ್ಪದ ಕೃಷಿಕ · ಭಾನುವಾರ, ಬೆಳಿಗ್ಗೆ 6:35

ನನಗೆ ಭೌತಶಾಸ್ತ್ರ ಪಿಯುಸಿಯವರೆಗೆ ಮಾತ್ರ. ಆದರೂ ಕುತೂಹಲ. 80,357 ಎಲ್ಲಿ, 80,433 ಎಲ್ಲಿ, ವ್ಯತ್ಯಾಸ 76. ಅಂದರೆ 80 ಕೆಜಿ ಅಡಿಕೆ ಮೂಟೆಗೆ 76 ಗ್ರಾಂ ಹೆಚ್ಚು ಕಡಿಮೆ. ಮಂಡಿಯಲ್ಲಿ ಯಾರೂ ಅದಕ್ಕೆ ಜಗಳ ಆಡಲ್ಲ. ಇಷ್ಟು ಸಣ್ಣದಕ್ಕೆ ವಿಶ್ವದ ಸಿದ್ಧಾಂತವೇ ಅಲುಗಾಡುತ್ತದೆ ಅಂದರೆ ಹೇಗೆ? ತಿಳಿದವರು ಹೇಳಿ.

ಕಣಜ · ಭಾನುವಾರ, ಮಧ್ಯಾಹ್ನ 1:20

ಸರ್, ತುಂಬಾ ಸರಿಯಾದ ಲೆಕ್ಕ. ಅದೇ ಮೂಟೆ ಇಟ್ಟುಕೊಂಡು ಹೇಳುತ್ತೇನೆ. ನಿಮ್ಮ ತಕ್ಕಡಿ ಅರ್ಧ ಕೆಜಿ ಆಚೀಚೆ ತೋರಿಸುವಂಥದ್ದಾದರೆ 76 ಗ್ರಾಂ ಲೆಕ್ಕಕ್ಕೇ ಇಲ್ಲ. ಆದರೆ ತಕ್ಕಡಿ 9 ಗ್ರಾಂವರೆಗೂ ಸರಿ, ಮೂಟೆಗೆ ಎಷ್ಟು ತುಂಬಿದ್ದೀರಿ ಅಂತ 6 ಗ್ರಾಂವರೆಗೂ ಗೊತ್ತು ಅಂದರೆ? ಆಗ ಆ 76 ಗ್ರಾಂ ಎಲ್ಲಿಂದ ಬಂತು ಅಂತ ಕೇಳಲೇಬೇಕು, ಅಲ್ವಾ?

ಸ್ಟ್ಯಾಂಡರ್ಡ್ ಮಾಡೆಲ್‌ನಲ್ಲಿ ಡಬ್ಲ್ಯು ತೂಕ ಒಂಟಿಯಾಗಿಲ್ಲ. ಜೆಡ್ ಬೋಸಾನ್, ಟಾಪ್ ಕ್ವಾರ್ಕ್, ಹಿಗ್ಸ್ ಅನ್ನೋ ಬೇರೆ ಮೂಲಕಣಗಳೂ ಅದೂ ಎಲ್ಲ ಒಂದೇ ಹಗ್ಗಕ್ಕೆ ಕಟ್ಟಿದ ಹಾಗೆ. ಉಳಿದವುಗಳ ತೂಕ ಹೇಳಿದರೆ ಡಬ್ಲ್ಯು ಎಷ್ಟಿರಬೇಕು ಅಂತ ಲೆಕ್ಕದಿಂದಲೇ ಬರುತ್ತದೆ. ಇನ್ನೂ ಕಣ್ಣಿಗೆ ಬೀಳದ ಭಾರೀ ಕಣ ಯಾವುದಾದರೂ ಇದ್ದರೆ ಅದೂ ಆ ಹಗ್ಗವನ್ನು ಸ್ವಲ್ಪ ಎಳೆಯುತ್ತದೆ.

ಇದು ಬರೀ ಮಾತಲ್ಲ. ಟಾಪ್ ಕ್ವಾರ್ಕ್ ಸಿಕ್ಕಿದ್ದು 1995ರಲ್ಲಿ, ಅದೇ ಟೆವಟ್ರಾನ್‌ನಲ್ಲಿ. ಆದರೆ ಅದಕ್ಕೂ ಮೊದಲೇ ಜಿನೀವಾದ ಎಲ್‌ಇಪಿ ಯಂತ್ರದಲ್ಲಿ ಜೆಡ್ ಅಳೆದವರು, ಟಾಪ್ ಎಷ್ಟು ಭಾರ ಇರಬಹುದು ಅಂತ ಅಂದಾಜು ಮಾಡಿದ್ದರು. ಸಿಕ್ಕಾಗ ಹೆಚ್ಚು ಕಡಿಮೆ ಅಲ್ಲೇ ಇತ್ತು. ಹಗ್ಗದ ಎಳೆತ ನೋಡಿ ಕಾಣದ ಕಣದ ತೂಕ ಹೇಳಿದ್ದರು, ಸರ್. ಅದಕ್ಕೇ 76 ಅಂದಾಗ ಎಲ್ಲರ ಮೈ ಜುಂ ಅಂದಿದ್ದು.

ಗೇಜ್‌ಬ್ಲಾಕ್ · ಭಾನುವಾರ, ರಾತ್ರಿ 8:15

ನಾನು ಪೀಣ್ಯದಲ್ಲಿ 22 ವರ್ಷದಿಂದ ಕ್ಯಾಲಿಬ್ರೇಷನ್ ಕೆಲಸ ಮಾಡುವವನು. ಮೈಕ್ರೋಮೀಟರ್, ಡಯಲ್ ಗೇಜ್, ಬೋರ್ ಗೇಜ್ ಇವೇ ನನ್ನ ಪ್ರಪಂಚ. ಬೋಸಾನ್ ಬಗ್ಗೆ ಗೊತ್ತಿಲ್ಲ. ಆದರೆ ಕೊಪ್ಪದ ಸರ್ ಕೇಳಿದ ಪ್ರಶ್ನೆ ನನ್ನ ಟೇಬಲ್ಲಿಗೆ ದಿನಾ ಬರುತ್ತದೆ. ಅಳತೆ ಹೊಂದದಿದ್ದರೆ ಪೀಸ್ ತಪ್ಪೋ, ಗೇಜ್ ತಪ್ಪೋ?

ಒಂದು ಸಲ ಒಂದು ಕಾರ್ಖಾನೆಯವರು 60 ಮಿಲಿಮೀಟರ್ ಶಾಫ್ಟ್‌ಗಳ ಇಡೀ ಬ್ಯಾಚ್ ರಿಜೆಕ್ಟ್ ಮಾಡಿದರು. 5 ಮೈಕ್ರಾನ್ ದಪ್ಪ ಅಂತ. ಮಾಡಿದ ಹುಡುಗ ಅಳುವ ಹಾಗಾಗಿದ್ದ. ನಾವು ಲ್ಯಾಬಿನಲ್ಲಿ ಅಳೆದರೆ ಸರಿಯಾಗೇ ಇತ್ತು. ಯಾರದ್ದು ಸುಳ್ಳು? ಯಾರದ್ದೂ ಅಲ್ಲ. ನಮ್ಮ ಲ್ಯಾಬ್ 20 ಡಿಗ್ರಿಯಲ್ಲಿರುತ್ತದೆ, ಅಳತೆಗೆ ಪ್ರಪಂಚದಲ್ಲೆಲ್ಲ ಅದೇ ಕಟ್ಟು. ಅವರ ಟೇಬಲ್ ಕಿಟಕಿ ಪಕ್ಕ, ಮಧ್ಯಾಹ್ನದ ಬಿಸಿಲಲ್ಲಿತ್ತು. ಉಕ್ಕು ಒಂದು ಮೀಟರ್‌ಗೆ ಒಂದು ಡಿಗ್ರಿಗೆ ಸುಮಾರು 11.5 ಮೈಕ್ರಾನ್ ಹಿಗ್ಗುತ್ತದೆ. 60 ಮಿಲಿಮೀಟರ್, 8 ಡಿಗ್ರಿ, ಗುಣಿಸಿ ನೋಡಿ. 5 ಮೈಕ್ರಾನ್ ಅಲ್ಲೇ ಬಂತು.

ಅದಕ್ಕೇ ನನಗೆ ಈ ಕಣ ಅಳೆಯುವವರ ಬಗ್ಗೆ ಒಂದೇ ಪ್ರಶ್ನೆ. ಅವರ ಮಾಸ್ಟರ್ ಯಾವುದು? ಯಾವುದಕ್ಕೆ ಹೋಲಿಸಿ ಸೊನ್ನೆ ಮಾಡುತ್ತಾರೆ?

ಕಣಜ · ಭಾನುವಾರ, ರಾತ್ರಿ 11:30

ಅಣ್ಣಾ, ಈ ಪ್ರಶ್ನೆ ಕೇಳೋಕೆ ನೀವು ನಮ್ಮ ಸೆಮಿನಾರಿನಲ್ಲಿ ಇರಬೇಕಿತ್ತು. ಇಡೀ ವಿವಾದದ ಹೊಟ್ಟೆ ಇರೋದೇ ಅಲ್ಲಿ.

ಸಿಡಿಎಫ್ ಒಳಗೆ ಕಣದ ಜಾಡು ಹಿಡಿಯೋಕೆ ಒಂದು ದೊಡ್ಡ ಡಬ್ಬಿ ಇತ್ತು, ಒಳಗೆ ಗ್ಯಾಸು, ಅದರಲ್ಲಿ 30 ಸಾವಿರ ತಂತಿ. ಯಾವ ತಂತಿ ಎಲ್ಲಿದೆ ಅಂತ ಗೊತ್ತಿಲ್ಲದಿದ್ದರೆ ಜಾಡೇ ತಪ್ಪು. ಅದಕ್ಕೆ ಆಕಾಶದಿಂದ ಬೀಳುವ ಕಾಸ್ಮಿಕ್ ಕಿರಣದ ಮ್ಯುವಾನ್‌ಗಳನ್ನು ಬಳಸಿದರು. ಅವು ಡಬ್ಬಿಯ ಒಂದು ಕಡೆಯಿಂದ ಇನ್ನೊಂದು ಕಡೆಗೆ ನುಗ್ಗಿ ಹೋಗುತ್ತವೆ. ಎರಡೂ ಕಡೆಯ ಗೆರೆ ಒಂದೇ ಗೆರೆಯಾಗಿ ಕೂಡಬೇಕು. ಕೂಡದಿದ್ದರೆ ತಂತಿಯ ಜಾಗ ತಿದ್ದಬೇಕು.

ಆಮೇಲೆ ಮಾಸ್ಟರ್. ಜೆ-ಸೈ, ಅಪ್ಸಿಲಾನ್ ಅನ್ನೋ ಕಣಗಳ ತೂಕ ಮೊದಲೇ ಬಹಳ ನಿಖರವಾಗಿ ಗೊತ್ತು. ಅವು ಎರಡು ಮ್ಯುವಾನ್ ಆಗಿ ಒಡೆಯುತ್ತವೆ, ಎರಡೂ ಸಿಗುತ್ತವೆ. ಅವುಗಳಿಂದ ಸೊನ್ನೆ ಮಾಡಿ, ಜೆಡ್ ಬೋಸಾನ್ ಅಳೆದು ಪರೀಕ್ಷೆ ಮಾಡಿದರು. 91,192 ಬಂತು. ಎಲ್‌ಇಪಿ ಅಳೆದ 91,187.6ಕ್ಕೆ ಸರಿಯಾಗಿ ಹೊಂದುತ್ತದೆ. ಅಂದರೆ ನಿಮ್ಮ ಭಾಷೆಯಲ್ಲಿ ಗೇಜ್ ಪಾಸ್.

ಮತ್ತೆ ಇನ್ನೊಂದು. ಕೆಲಸ ಪೂರ್ತಿ ಮುಗಿಯುವವರೆಗೆ ಉತ್ತರ ಏನು ಬರುತ್ತಿದೆ ಅಂತ ಅವರಿಗೇ ಗೊತ್ತಿರಲಿಲ್ಲ. ಕಂಪ್ಯೂಟರ್ ಒಂದು ಗುಟ್ಟಿನ ಅಂಕಿಯನ್ನು ಉತ್ತರಕ್ಕೆ ಸೇರಿಸಿ ಇಟ್ಟಿತ್ತು. ಬೇಕಾದ ಉತ್ತರಕ್ಕೆ ಮನಸ್ಸು ಎಳೆಯಬಾರದು ಅಂತ. ಎಲ್ಲ ಮುಗಿಸಿ, ಇನ್ನು ತಿದ್ದಲ್ಲ ಅಂತ ಒಪ್ಪಿಕೊಂಡ ಮೇಲೆ ಆ ಅಂಕಿ ತೆಗೆದರು. ಸಿಎಂಎಸ್ ಕೂಡ ಹೀಗೇ ಮಾಡಿದ್ದು.

ನಿಮ್ಮ ಬಿಸಿಲಿನ ಕಥೆಗೆ ನಮ್ಮಲ್ಲೂ ಒಂದು ಜೋಡಿ ಇದೆ. ಎಲ್‌ಇಪಿ 27 ಕಿಲೋಮೀಟರ್ ಸುತ್ತಳತೆಯ ಸುರಂಗ, ಈಗ ಎಲ್‌ಎಚ್‌ಸಿ ಇರೋದೂ ಅದರಲ್ಲೇ. ಜೆಡ್ ಅಳೆಯುವಾಗ ಕಣಗಳ ಶಕ್ತಿ ಹೊತ್ತು ಹೊತ್ತಿಗೆ ಬದಲಾಗುತ್ತಿತ್ತು. ಯಾಕೆ ಅಂತ ಹುಡುಕಿದರೆ ಚಂದ್ರ! ಸಮುದ್ರಕ್ಕೆ ಉಬ್ಬರ ಬರುವ ಹಾಗೇ ನೆಲಕ್ಕೂ ಬರುತ್ತದೆ, ಇಡೀ ಸುರಂಗದ ಸುತ್ತಳತೆ ಸುಮಾರು ಒಂದು ಮಿಲಿಮೀಟರ್ ಬದಲಾಗುತ್ತಿತ್ತು. ಅದನ್ನು ಕಳೆದ ಮೇಲೂ ಹಗಲು ಹೊತ್ತಲ್ಲಿ ಇನ್ನೊಂದು ಏರುಪೇರು. ಅದು ಹತ್ತಿರ ಓಡಾಡುವ ಟಿಜಿವಿ ರೈಲಿನ ಕರೆಂಟ್ ನೆಲದೊಳಗೆ ಸೋರಿ ಯಂತ್ರಕ್ಕೆ ಬರುತ್ತಿದ್ದದ್ದು. 91,187.6 ಅನ್ನೋ ಅಂಕಿ ಓದುವಾಗ ನನಗೆ ಆ ಚಂದ್ರ, ಆ ರೈಲು ಎರಡೂ ನೆನಪಾಗುತ್ತವೆ.

ದಿಗಂತ · ಸೋಮವಾರ, ಬೆಳಿಗ್ಗೆ 9:05

ಸರಿ, ಸಿಡಿಎಫ್ ಜಾಗ್ರತೆಯಿಂದ ಮಾಡಿದ್ದಾರೆ. ಒಪ್ಪಿದೆ. ಆದರೆ ಅಟ್ಲಾಸ್ 80,366.5, ಎಲ್‌ಎಚ್‌ಸಿಬಿ 80,354, ಸಿಎಂಎಸ್ 80,360. ಎಲ್ಲ ಒಂದು ಕಡೆ, ಸಿಡಿಎಫ್ ಒಂದು ಕಡೆ. ಇಷ್ಟು ಜನ ಒಂದೇ ಮಾತು ಹೇಳುವಾಗ ಒಬ್ಬರನ್ನು ನಂಬೋದು ಹೇಗೆ?

ಗೇಜ್‌ಬ್ಲಾಕ್ · ಸೋಮವಾರ, ಮಧ್ಯಾಹ್ನ 2:10

ತಮ್ಮಾ, ಅಳತೆಯಲ್ಲಿ ಓಟು ನಡೆಯಲ್ಲ.

ನನ್ನ ಶುರುವಿನ ದಿನಗಳಲ್ಲಿ ಒಂದು ಪೀಸ್‌ಗೆ ಮೂರು ಮೈಕ್ರೋಮೀಟರ್ ಒಂದೇ ಅಳತೆ ತೋರಿಸಿದವು. ನಾಲ್ಕನೆಯದು ಬೇರೆ. ನಾನು ನಾಲ್ಕನೆಯದನ್ನು ಕೆಟ್ಟದ್ದು ಅಂತ ಪಕ್ಕಕ್ಕಿಟ್ಟೆ. ನಮ್ಮ ಮೇಸ್ತ್ರಿ ಕೇಳಿದ್ದು ಒಂದೇ ಮಾತು: "ಮೂರನ್ನೂ ಯಾವ ಪಿನ್ನಿಂದ ಸೊನ್ನೆ ಮಾಡಿದೆ?" ಒಂದೇ ಪಿನ್. ಅದು ಸವೆದಿತ್ತು. ಸರಿಯಾಗಿದ್ದದ್ದು ನಾಲ್ಕನೆಯದೇ. ಅವತ್ತಿನಿಂದ ಎಷ್ಟು ಜನ ಒಪ್ಪಿದರು ಅಂತ ಕೇಳೋದು ಬಿಟ್ಟೆ, ಅವರೆಲ್ಲ ಏನನ್ನು ಹಂಚಿಕೊಂಡಿದ್ದಾರೆ ಅಂತ ಕೇಳುತ್ತೇನೆ.

ಕಣಜ ಅವರೇ, ಈ ಮೂರು ತಂಡಕ್ಕೂ ಒಂದೇ ಪಿನ್ ಇದೆಯಾ?

ಕಣಜ · ಸೋಮವಾರ, ರಾತ್ರಿ 10:55

ಒಂದು ಮಟ್ಟಿಗೆ ಇದೆ, ಅಣ್ಣಾ. ಪ್ರೋಟಾನ್ ಒಳಗೆ ಕ್ವಾರ್ಕ್‌ಗಳು ಹೇಗೆ ಹಂಚಿಕೊಂಡಿವೆ ಅನ್ನೋ ನಕ್ಷೆ ಎಲ್ಲರಿಗೂ ಬೇಕು. ಎಲ್‌ಎಚ್‌ಸಿಯಲ್ಲಿ ಪ್ರೋಟಾನ್ ಪ್ರೋಟಾನಿಗೆ ಡಿಕ್ಕಿ, ಟೆವಟ್ರಾನ್‌ನಲ್ಲಿ ಪ್ರೋಟಾನಿಗೆ ಆ್ಯಂಟಿಪ್ರೋಟಾನ್. ಹಾಗಾಗಿ ಎಲ್‌ಎಚ್‌ಸಿಯವರಿಗೆ ಈ ನಕ್ಷೆಯ ತಲೆನೋವು ಜಾಸ್ತಿ. ಮೂವರೂ ಒಂದೇ ತರಹದ ನಕ್ಷೆಗಳನ್ನು ಬಳಸುತ್ತಾರೆ. ನಿಮ್ಮ ಸವೆದ ಪಿನ್ ಅಲ್ಲಿರಬಹುದಾ ಅಂತ ಮೊದಲು ಅನುಮಾನ ಬಂದದ್ದು ಅದಕ್ಕೇ.

ಆದರೆ ಹಾಗಂತ ಹೇಳಿ ಮುಗಿಸೋಕೆ ಆಗಲ್ಲ. ಎಲ್‌ಇಪಿ ಕೂಡ ಡಬ್ಲ್ಯು ಅಳೆದಿತ್ತು: 80,376, ಆಚೀಚೆ 33. ಅಲ್ಲಿ ಡಿಕ್ಕಿ ಹೊಡೆದದ್ದು ಎಲೆಕ್ಟ್ರಾನ್ ಮತ್ತು ಅದರ ಪ್ರತಿಕಣ ಪಾಸಿಟ್ರಾನ್. ಪ್ರೋಟಾನ್ ಇಲ್ಲವೇ ಇಲ್ಲ, ನಕ್ಷೆಯ ಮಾತೇ ಬರಲ್ಲ. ಅದೂ ಸಿಡಿಎಫ್‌ಗಿಂತ ಕೆಳಗೇ ಇದೆ.

2023ರಲ್ಲಿ ಎಲ್ಲ ತಂಡದವರೂ ಒಟ್ಟಿಗೆ ಕೂತು ಹಳೇ ಅಳತೆಗಳನ್ನೆಲ್ಲ ಒಂದೇ ನಕ್ಷೆಗೆ ತಂದು ಮತ್ತೆ ಲೆಕ್ಕ ಹಾಕಿದರು. ಸಿಡಿಎಫ್ ಬಿಟ್ಟು ಉಳಿದವು ಚೆನ್ನಾಗಿ ಹೊಂದಿಕೊಂಡವು: 80,369, ಆಚೀಚೆ 13. ಸಿಡಿಎಫ್ ಸೇರಿಸಿದರೆ ಎಲ್ಲವೂ ಸರಿ ಇದ್ದು ಹೀಗೆ ಬರುವ ಸಾಧ್ಯತೆ ಅರ್ಧ ಶೇಕಡಾ. ನಕ್ಷೆ ಬದಲಿಸಿದರೂ ಅಂತರ ಮುಚ್ಚಲಿಲ್ಲ. ಆಮೇಲೆ ಬಂದದ್ದು ಸಿಎಂಎಸ್. 2016ರ ಡೇಟಾ, 10 ಕೋಟಿಗೂ ಜಾಸ್ತಿ ಡಬ್ಲ್ಯು, ಮ್ಯುವಾನ್ ಮಾತ್ರ ನೋಡಿದರು. ಜೆಡ್ ಅನ್ನೇ ಡಬ್ಲ್ಯು ಅಂತ ನಟಿಸಿ, ಒಂದು ಮ್ಯುವಾನ್ ಮುಚ್ಚಿಟ್ಟು, ಇನ್ನೊಂದರಿಂದ ಮಾತ್ರ ಜೆಡ್ ತೂಕ ಹೇಳೋಕೆ ಆಗುತ್ತದಾ ಅಂತ ತಮ್ಮ ವಿಧಾನಕ್ಕೇ ಪರೀಕ್ಷೆ ಇಟ್ಟರು. ಸರಿ ಬಂತು. ತೆಂಗಿನಕಾಯಿಯ ಎರಡೂ ಹೋಳು ಕೈಯಲ್ಲಿದ್ದರೂ ಒಂದನ್ನು ಬೆನ್ನ ಹಿಂದೆ ಇಟ್ಟುಕೊಂಡು ತೂಕ ಹೇಳಿದ ಹಾಗೆ. ಈ ಉಪಾಯ ನನಗೆ ತುಂಬಾ ಇಷ್ಟ.

ನನ್ನ ಅನಿಸಿಕೆ ಕೇಳಿದರೆ, ಸಿಡಿಎಫ್‌ನಲ್ಲೇ ಎಲ್ಲೋ ಒಂದು ಕಾಣದ ಬಿಸಿಲು ಬಿದ್ದಿದೆ. ಅವರದ್ದೇ 2012ರ ಅಳತೆ 80,387 ಇತ್ತು. ವಿಧಾನ ಸುಧಾರಿಸಿದಾಗ ಹಳೇ ಡೇಟಾದ ಉತ್ತರವೇ 13.5 ಮೇಲಕ್ಕೆ ಸರಿಯಿತು. ಆದರೆ ಇದು ಅನಿಸಿಕೆ ಮಾತ್ರ. ತಪ್ಪು ತೋರಿಸದೆ ತಪ್ಪು ಅನ್ನೋಕೆ ನನಗೆ ಹಕ್ಕಿಲ್ಲ.

ಚಾಂಪಿಯನ್ ರೀಫ್ · ಮಂಗಳವಾರ, ಬೆಳಿಗ್ಗೆ 7:40

ಇದನ್ನೆಲ್ಲ ಓದಿ ಸುಮ್ನೆ ಇರೋಕೆ ಆಗಲಿಲ್ಲ. ನಾನು ಕೋಲಾರ ಚಿನ್ನದ ಗಣಿ ಊರಿನವನು. ನಮ್ಮ ತಂದೆ ಗಣಿಯಲ್ಲಿ ಕೆಲಸ ಮಾಡಿದವರು. ಇಂಥದ್ದೇ ಒಂದು ಕಥೆ ನಮ್ಮ ನೆಲದ ಕೆಳಗೂ ನಡೆದಿದೆ. ಅಲ್ಲಿ ಕೊಲೈಡರ್ ಇರಲಿಲ್ಲ, ಪ್ರಶ್ನೆ ಮಾತ್ರ ಇದೇ.

ಕಾಸ್ಮಿಕ್ ಕಿರಣ ಅಂದಿರಲ್ಲ, ಅವು ನೆಲದೊಳಗೆ ಎಷ್ಟು ಆಳ ಇಳಿಯುತ್ತವೆ ಅಂತ 1950ರ ದಶಕದಲ್ಲೇ ಕೆಜಿಎಫ್‌ನಲ್ಲಿ ಅಳೆದರು. ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ ಅವರು ಉಪಕರಣ ಹೊತ್ತು ಗಣಿಗೆ ಇಳಿದವರಲ್ಲಿ ಮೊದಲಿಗರು. 1965ರಲ್ಲಿ, 2.3 ಕಿಲೋಮೀಟರ್ ಆಳದಲ್ಲಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊ ನಮ್ಮ ಗಣಿಯಲ್ಲಿ ಸಿಕ್ಕಿತು. ಅಂಥ ನ್ಯೂಟ್ರಿನೊ ಪ್ರಪಂಚದಲ್ಲಿ ಮೊದಲು ಕಂಡ ಜಾಗಗಳಲ್ಲಿ ಇದೂ ಒಂದು. ಅಷ್ಟು ಆಳದಲ್ಲಿ ಬಂಡೆ ಮುಟ್ಟಿದರೆ ಬಿಸಿ ಅಂತ ಅಪ್ಪ ಹೇಳುತ್ತಿದ್ದರು. ಅಂಗಿ ಒದ್ದೆಯಾಗಿ ಮೈಗೆ ಅಂಟಿಕೊಳ್ಳುವಾಗ ಆ ವಿಜ್ಞಾನಿಗಳು ನೋಟ್‌ಬುಕ್ಕಿನ ಮೇಲೆ ಬೆವರು ಬೀಳದ ಹಾಗೆ ತೋಳು ಅಡ್ಡ ಹಿಡಿದು ಬರೆಯುತ್ತಿದ್ದರಂತೆ.

1980ರಲ್ಲಿ ಅಲ್ಲೇ ಇನ್ನೊಂದು ಪ್ರಯೋಗ ಶುರುವಾಯಿತು. ಎಲ್ಲ ಬಲಗಳೂ ಮೂಲದಲ್ಲಿ ಒಂದೇ ಅನ್ನೋ ಸಿದ್ಧಾಂತ ಆಗ ಜೋರಾಗಿತ್ತು. ಅದು ನಿಜವಾದರೆ ಪ್ರೋಟಾನ್ ಕೂಡ ಯಾವತ್ತಾದರೂ ಒಡೆಯಬೇಕು. ಅದನ್ನು ಹಿಡಿಯೋಕೆ 140 ಟನ್ ತೂಕದ ಕಬ್ಬಿಣದ ಉಪಕರಣ ಇಟ್ಟರು. ಒಡೆದ ಹಾಗೆ ಕಾಣುವ ಕೆಲವು ಘಟನೆ ಸಿಕ್ಕವು, ಪ್ರಕಟವೂ ಆದವು. ಆದರೆ ಅಮೆರಿಕದ ಉಪ್ಪಿನ ಗಣಿಯ ಪ್ರಯೋಗಕ್ಕೂ ಜಪಾನಿನ ಕಾಮಿಯೊಕಾಂಡೆಗೂ ಏನೂ ಸಿಗಲಿಲ್ಲ. ಇವತ್ತಿಗೂ ಪ್ರೋಟಾನ್ ಒಡೆದದ್ದನ್ನು ಯಾರೂ ನೋಡಿಲ್ಲ. ಆ ಸಿದ್ಧಾಂತದ ಅತಿ ಸರಳ ರೂಪ ಬಿದ್ದೇ ಹೋಯಿತು.

ಕೆಜಿಎಫ್‌ನವರು ಸೋತರು ಅಂತ ಕೆಲವರು ಹೇಳೋದು ಕೇಳಿದ್ದೇನೆ. ನನಗೆ ಸಿಟ್ಟು ಬರುತ್ತದೆ. ಏನೂ ಸಿಗದೆ ಕಾಯುತ್ತಿದ್ದ ಅದೇ ಕಾಮಿಯೊಕಾಂಡೆಗೆ 1987ರಲ್ಲಿ ಸಿಡಿದ ನಕ್ಷತ್ರದ ನ್ಯೂಟ್ರಿನೊ ಬೆರಳೆಣಿಕೆಯಷ್ಟು ಸಿಕ್ಕವು. ಅದಕ್ಕೆ ನೊಬೆಲ್ ಬಂತು. ನಮ್ಮ ಗಣಿ 2001ರಲ್ಲಿ ಮುಚ್ಚಿತು. ಪ್ರಯೋಗಗಳು ಅದಕ್ಕೂ ಮೊದಲೇ ನಿಂತಿದ್ದವು. ಶಾಫ್ಟ್ ಮೇಲಿನ ಕಬ್ಬಿಣದ ಚಕ್ರ ನೋಡಿದಾಗೆಲ್ಲ ಹೊಟ್ಟೆ ಚುರ್ ಅನ್ನುತ್ತದೆ.

ಟೀಚರಮ್ಮ, ಕಟಿಂಗ್ ಇರಲಿ. ಪಕ್ಕದಲ್ಲಿ ಕೆಜಿಎಫ್ ಕಥೆಯೂ ಹಾಕಿ.

ಕೊಪ್ಪದ ಕೃಷಿಕ · ಮಂಗಳವಾರ, ಸಂಜೆ 7:25

ಕೆಜಿಎಫ್ ಕಥೆ ನನಗೆ ಗೊತ್ತೇ ಇರಲಿಲ್ಲ. ಮೊಮ್ಮಗಳಿಗೆ ಓದಿ ಹೇಳಿದೆ.

ಇನ್ನೊಂದು ಪ್ರಶ್ನೆ. ಸ್ಟ್ಯಾಂಡರ್ಡ್ ಮಾಡೆಲ್ ಪ್ರತಿ ಸಲ ಸರಿ ಬರುತ್ತಿದ್ದರೆ ಸಂತೋಷ ತಾನೇ? ಎಲ್ಲರೂ ಅದು ತಪ್ಪಾಗಲಿ ಅಂತ ಯಾಕೆ ಕಾಯುತ್ತಿದ್ದಾರೆ?

ಕಣಜ · ಮಂಗಳವಾರ, ರಾತ್ರಿ 11:59

ಯಾಕೆಂದರೆ ಅದು ಪೂರ್ತಿ ಅಲ್ಲ ಅಂತ ಆಕಾಶ ನೋಡಿದರೇ ಗೊತ್ತಾಗುತ್ತದೆ, ಸರ್. ವಿಶ್ವದಲ್ಲಿರುವ ವಸ್ತುವಿನಲ್ಲಿ ಸುಮಾರು 85 ಶೇಕಡಾ ಕಣ್ಣಿಗೆ ಕಾಣದ ಡಾರ್ಕ್ ಮ್ಯಾಟರ್. ಸ್ಟ್ಯಾಂಡರ್ಡ್ ಮಾಡೆಲ್‌ನಲ್ಲಿ ಅದಕ್ಕೆ ಒಂದು ಕಣವೂ ಇಲ್ಲ. ಇನ್ನು ಶುರುವಿನಲ್ಲಿ ವಸ್ತುವೂ ಪ್ರತಿವಸ್ತುವೂ ಸಮನಾಗಿ ಹುಟ್ಟಿದ್ದರೆ ಎರಡೂ ಒಂದನ್ನೊಂದು ಸುಟ್ಟು ಬರೀ ಬೆಳಕು ಉಳಿಯಬೇಕಿತ್ತು. ನಾವು ಇದ್ದೇವೆ. ಎಲ್ಲೋ ಒಂದು ಸಣ್ಣ ಪಕ್ಷಪಾತ ಇತ್ತು. 2025ರಲ್ಲಿ ಎಲ್‌ಎಚ್‌ಸಿಬಿ, ಪ್ರೋಟಾನ್ ಜಾತಿಗೇ ಸೇರಿದ ಒಂದು ಭಾರೀ ಕಣ ಮತ್ತು ಅದರ ಪ್ರತಿಕಣ ಒಡೆಯುವುದರಲ್ಲಿ ಸುಮಾರು 2.5 ಶೇಕಡಾ ವ್ಯತ್ಯಾಸ ಕಂಡಿತು. ಆ ಜಾತಿಯಲ್ಲಿ ಇಂಥ ವ್ಯತ್ಯಾಸ ಇಷ್ಟು ಖಚಿತವಾಗಿ ಸಿಕ್ಕಿದ್ದು ಅದೇ ಮೊದಲು. ಆದರೆ ಸ್ಟ್ಯಾಂಡರ್ಡ್ ಮಾಡೆಲ್ ಒಪ್ಪುವ ಪಕ್ಷಪಾತವನ್ನೆಲ್ಲ ಕೂಡಿಸಿದರೂ ಇಷ್ಟು ದೊಡ್ಡ ವಿಶ್ವ ಉಳಿಯೋಕೆ ಸಾಕಾಗಲ್ಲ. ಬಹಳ ಕಡಿಮೆ ಬೀಳುತ್ತದೆ.

ಹಿಗ್ಸ್ ಕಥೆ ಇನ್ನೂ ವಿಚಿತ್ರ. 2012ರ ಜುಲೈ 4ರಂದು ಸಿಕ್ಕಿತು ಅಂತ ಹೇಳಿದರು, ತೂಕ 125 ಜಿಇವಿ. ಈ ತೂಕವನ್ನೂ ಟಾಪ್ ಕ್ವಾರ್ಕ್ ತೂಕವನ್ನೂ ಒಟ್ಟಿಗೆ ಇಟ್ಟು, ಬೇರೆ ಹೊಸದೇನೂ ಇಲ್ಲ ಅಂದುಕೊಂಡು ಲೆಕ್ಕ ಹಾಕಿದರೆ, ನಮ್ಮ ವಿಶ್ವ ಪೂರ್ತಿ ಸ್ಥಿರವಲ್ಲ, ಅಂಚಿನ ಮೇಲೆ ನಿಂತಿದೆ ಅಂತ ಬರುತ್ತದೆ. ಬೀಳೋಕೆ ಊಹೆಗೂ ಸಿಗದಷ್ಟು ಕಾಲ ಬೇಕು, ಮೊಮ್ಮಗಳಿಗೆ ಹೆದರಬೇಡ ಅಂತ ಹೇಳಿ. ಆದರೆ ಅಷ್ಟು ಸರಿಯಾಗಿ ಅಂಚಿನಲ್ಲೇ ಯಾಕೆ? ಯಾರಿಗೂ ಗೊತ್ತಿಲ್ಲ.

ಇದಕ್ಕೆಲ್ಲ ಉತ್ತರ ಕೊಡಬಹುದು ಅಂತ ನಂಬಿದ್ದು ಸೂಪರ್‌ಸಿಮೆಟ್ರಿಯನ್ನು. ಪ್ರತಿ ಕಣಕ್ಕೂ ಒಂದು ಭಾರೀ ಜೋಡಿ ಇರುತ್ತದೆ ಅನ್ನೋ ಸಿದ್ಧಾಂತ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ರೋಹಿಣಿ ಗೋಡ್ಬೋಲೆ ಅವರು, ಅಂಥ ಕಣಗಳು ಕೊಲೈಡರ್‌ನಲ್ಲಿ ಹೇಗೆ ಕಂಡಾವು ಅಂತ ದಶಕಗಟ್ಟಲೆ ಲೆಕ್ಕ ಹಾಕಿದವರು. 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಎಲ್‌ಎಚ್‌ಸಿಯಲ್ಲಿ ಇವತ್ತಿನವರೆಗೆ ಒಂದು ಜೋಡಿಯೂ ಸಿಕ್ಕಿಲ್ಲ. ನನಗೆ ಡಬ್ಲ್ಯುವಿನ 76ಕ್ಕಿಂತ ಈ ಖಾಲಿಯೇ ದೊಡ್ಡ ಸವಾಲು ಅನಿಸುತ್ತದೆ. ಎಲ್ಲರೂ ಇರುತ್ತದೆ ಅಂದ ಕಡೆ ಏನೂ ಇಲ್ಲ. ನಲವತ್ತು ವರ್ಷದ ಯೋಚನೆಯನ್ನು ಮತ್ತೆ ಮೊದಲಿನಿಂದ ನೋಡಬೇಕಾಗಿದೆ.

ದಿಗಂತ · ಬುಧವಾರ, ಬೆಳಿಗ್ಗೆ 8:30

ಕಣಜ ಅವರೇ, ಸ್ಟ್ಯಾಂಡರ್ಡ್ ಮಾಡೆಲ್ ಗೆಲ್ಲುತ್ತದೆ ಅಂತ ಬರೆದಿದ್ದೆ. ಆ ಮಾತು ವಾಪಸ್ ತಗೊಳ್ಳುತ್ತೇನೆ. ಡಬ್ಲ್ಯು ವಿವಾದ ತೀರೋಕೆ ಮುಂದೆ ದಾರಿ ಇದೆಯಾ?

ಕಣಜ · ಬುಧವಾರ, ಸಂಜೆ 5:15

ಅಟ್ಲಾಸ್, ಸಿಎಂಎಸ್, ಎಲ್‌ಎಚ್‌ಸಿಬಿ ಮೂವರ ಹತ್ತಿರವೂ ಇನ್ನೂ ಬಳಸದ ಡೇಟಾ ರಾಶಿ ಇದೆ. ದೂರದ ಆಸೆ ಅಂದರೆ ಎಲ್‌ಎಚ್‌ಸಿ ನಡೆಸುವ ಸರ್ನ್ ಸಂಸ್ಥೆ ಯೋಚಿಸುತ್ತಿರುವ ಸುಮಾರು 91 ಕಿಲೋಮೀಟರ್ ಸುತ್ತಳತೆಯ ಹೊಸ ಯಂತ್ರ. ಮತ್ತೆ ಎಲೆಕ್ಟ್ರಾನ್, ಪಾಸಿಟ್ರಾನ್. ಅದರಲ್ಲಿ ಡಬ್ಲ್ಯು ತೂಕವನ್ನು ಒಂದು ಎಂಇವಿಗಿಂತ ಒಳಗೆ ಹೇಳಬಹುದು. ಕಟ್ಟುತ್ತಾರೋ ಇಲ್ಲವೋ ಇನ್ನೂ ತೀರ್ಮಾನ ಆಗಿಲ್ಲ. ಕಟ್ಟಿದರೂ ಟೀಚರ್ ಮೇಡಂ ಅವರ ಮಕ್ಕಳು ನನ್ನ ಈಗಿನ ವಯಸ್ಸು ದಾಟಿರುತ್ತಾರೆ.

ತಿಪಟೂರು ಟೀಚರ್ · ಶುಕ್ರವಾರ, ಸಂಜೆ 5:50

ಎಲ್ಲರಿಗೂ ಕೈ ಮುಗಿದೆ. ಇಷ್ಟು ಜನ ಕೂತು ಬರೆಯುತ್ತೀರಿ ಅಂತ ಅಂದುಕೊಂಡಿರಲಿಲ್ಲ.

ಕಟಿಂಗ್ ಗೋಡೆಯ ಮೇಲೇ ಇದೆ. ಅದರ ಕೆಳಗೆ ನಿನ್ನೆ, ಇವತ್ತು ಎರಡು ಪೀರಿಯಡ್ ಮಕ್ಕಳೇ ಒಂದು ಚಾರ್ಟ್ ಮಾಡಿದರು. ಒಂದು ಎಂಇವಿಗೆ ಐದು ಮಿಲಿಮೀಟರ್. ಸಿದ್ಧಾಂತದ ಅಂಕಿಗೆ ಆರು ಸೆಂಟಿಮೀಟರ್ ಅಗಲದ ಹಳದಿ ಪಟ್ಟಿ, ಮೇಲಿಂದ ಕೆಳಗೆ. ಪ್ರತಿ ಪ್ರಯೋಗಕ್ಕೂ ಒಂದು ಚುಕ್ಕೆ, ಆಚೀಚೆ ಅನಿಶ್ಚಿತತೆಯ ಗೆರೆ. ಎಲ್‌ಎಚ್‌ಸಿಬಿ ಗೆರೆ ಇಷ್ಟುದ್ದ ಇದೆ. ಸಿಡಿಎಫ್‌ದು ಚಿಕ್ಕದು, ಹಳದಿ ಪಟ್ಟಿಯಿಂದ ದೂರ ಬಲಗಡೆ ಒಂಟಿಯಾಗಿದೆ. ಗೇಜ್‌ಬ್ಲಾಕ್ ಸರ್ ಹೇಳಿದ ಹಾಗೆ ಪ್ರತಿ ಗೆರೆಯ ಪಕ್ಕ "ಯಾವುದಕ್ಕೆ ಹೋಲಿಸಿ ಸೊನ್ನೆ ಮಾಡಿದರು?" ಅಂತ ಒಂದು ಕಾಲಂ ಬಿಟ್ಟಿದ್ದೇವೆ. ಕೆಜಿಎಫ್‌ಗೆ ಪಕ್ಕದಲ್ಲಿ ಬೇರೆ ಹಾಳೆ.

ಟೆವಟ್ರಾನ್‌ನಲ್ಲಿ ಡಿಝೀರೋ ಅಂತ ಇನ್ನೊಂದು ಪ್ರಯೋಗ ಇತ್ತಲ್ಲ, ಅದನ್ನೂ ಹಾಕಿಸಿದೆ. 80,375, ಆಚೀಚೆ 23. ಮೊದಲು ಬಂದು "ಇದು ಸುಳ್ಳಂತೆ" ಅಂದಿದ್ದ ಹುಡುಗನೇ ಸ್ಕೇಲ್ ಹಿಡಿದು ಗೆರೆ ಎಳೆದ. ಎಳೆದು ಮುಗಿಸಿ ಸ್ವಲ್ಪ ಹೊತ್ತು ಅಲ್ಲೇ ನಿಂತ. ಡಿಝೀರೋ ಗೆರೆ ಮುಗಿಯುವ ಜಾಗದಿಂದ ಸಿಡಿಎಫ್ ಗೆರೆ ಶುರುವಾಗುವ ಜಾಗದವರೆಗೆ ಸ್ಕೇಲ್ ಇಟ್ಟ. 13 ಸೆಂಟಿಮೀಟರ್.

"ಮೇಡಂ, ಎರಡೂ ಒಂದೇ ಯಂತ್ರ, ಒಂದೇ ಪ್ರೋಟಾನ್ ಅಲ್ವಾ? ಹಾಗಾದ್ರೆ ಇದು ಸಿದ್ಧಾಂತದ ಜಗಳ ಅಲ್ಲ. ಇವೆರಡೇ ಯಾಕೆ ಹೊಂದ್ತಿಲ್ಲ?"

ಕಣಜ ಅವರೇ, ಇದಕ್ಕೆ ಉತ್ತರ ಬರೆಯುತ್ತೀರಾ? ಸೋಮವಾರ ಬೆಳಿಗ್ಗೆ ಮೊದಲ ಪೀರಿಯಡ್ಡೇ ಅವರದ್ದು.